ಮೂವತ್ತೆರಡು ದಾಟಿದರೆ

ಏಪ್ರಿಲ್ 1, ಮಂಗಳವಾರ

ನಿನ್ನೆ ಇವರ ತಲೆ ಬೋಳಿಸಿದರು. ಹುಬ್ಬನ್ನೂ ಬಿಡಲಿಲ್ಲ. ಮೊದಲ ಕತ್ತರಿ ಅತ್ತೆಯದು, ಎರಡನೆಯದು ನನ್ನದು. ಬಿದ್ದ ಕೂದಲನ್ನು ಕಮಲದ ಎಲೆಯಲ್ಲಿ ಹಿಡಿದು ಕೂತಿದ್ದೆ. ಇಪ್ಪತ್ತೊಂಬತ್ತು ವರ್ಷ ದಿಂಬಿನ ಮೇಲೆ ಕಂಡಾಗಲೆಲ್ಲ ಬೈಯುತ್ತಿದ್ದ ಕೂದಲು ಅದು.

ಹೋದ ವರ್ಷ ಎದೆಯ ಆಪರೇಶನ್ನಿಗೆ ಒಳಗೆ ಕರೆದೊಯ್ಯುವಾಗ ಇವರು ಹರಕೆ ಹೊತ್ತಿದ್ದರು, ಬದುಕಿ ಬಂದರೆ ಮೂವತ್ತು ದಿನ ಭಿಕ್ಷುವಾಗುತ್ತೇನೆ ಎಂದು. ಬದುಕಿ ಬಂದರು. ಮದುವೆಯಾದವನು ಕಾವಿ ಉಡಬೇಕಾದರೆ ಹೆಂಡತಿ ಒಪ್ಪಬೇಕು. ವಿಹಾರದ ಗುರುಗಳು ಕೇಳಿದರು, ಒಪ್ಪಿದೆ. ಏಪ್ರಿಲ್ ಮೂವತ್ತಕ್ಕೆ ಹರಕೆ ತೀರುತ್ತದೆ. ಮೂವತ್ತು ದಿನ ತಾನೆ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕಳೆಯುತ್ತದೆ.

ಹೋಗುವ ಮೊದಲು ನಡುಮನೆಯಲ್ಲಿರುವ ಮೀನಿನ ತೊಟ್ಟಿಯ ಗಾಜಿಗೆ ಚೀಟಿ ಅಂಟಿಸಿದ್ದಾರೆ. “ಇಪ್ಪತ್ತೆಂಟು ಡಿಗ್ರಿ ದಾಟಿದರೆ ಫ್ಯಾನ್. ಮೂವತ್ತು ದಾಟಿದರೆ ನೀರಿಗೆ ಐಸ್ ಬಾಟಲಿ, ಮುಚ್ಚಳ ಬಿಗಿಯಾಗಿರಲಿ. ಊಟ ಒಂದೇ ಹೊತ್ತು. ಮೂವತ್ತೆರಡು ದಾಟಿದರೆ ನನ್ನನ್ನು ಕೇಳು.”

ಕೇಳು ಅಂತೆ! ಇವರ ಫೋನು ಗುರುಗಳ ಪೆಟ್ಟಿಗೆಯಲ್ಲಿದೆ, ತಿಂಗಳವರೆಗೆ ಹೊರಗೆ ಬರುವುದಿಲ್ಲ. ಎಲ್ಲಿ ಹೋಗಿ ಕೇಳಲಿ?

ತೊಟ್ಟಿಯ ನೀರು ಇಪ್ಪತ್ತೊಂಬತ್ತು. ಫ್ಯಾನ್ ಹಾಕಿದ್ದೇನೆ.

ಏಪ್ರಿಲ್ 4, ಶುಕ್ರವಾರ

ಹೊರಗೆ ನಲವತ್ತು. ಬೇರೆ ವರ್ಷವಾಗಿದ್ದರೆ ಕುಣಿಯುತ್ತಿದ್ದೆ. ನನ್ನ ಅಕ್ಕಿ ಬಿಲ್ಲೆಗಳಿಗೆ ಇದಕ್ಕಿಂತ ಒಳ್ಳೆಯ ಬಿಸಿಲಿಲ್ಲ. ಅಂಟಕ್ಕಿ ಬೇಯಿಸಿ, ಕಲ್ಲಂಗಡಿ ರಸ ಕಲಸಿ, ತಟ್ಟಿ, ಬಿದಿರಿನ ತಟ್ಟೆಯಲ್ಲಿ ಹರಡಿದರೆ ಸಂಜೆಗೆ ಟಣ್ ಎನ್ನುತ್ತವೆ. ನಮ್ಮ ಊರು ಲಂಪಾಂಗಿನ ಬಿಸಿಲೇ ನನಗೆ ಅನ್ನ ಹಾಕಿದ್ದು. ಈ ಸಲ ಅದೇ ಬಿಸಿಲು ಪಶ್ಚಿಮದ ಗೋಡೆ ಹಾದು ಒಳಗೆ ಬಂದು ಇವರ ಮೀನುಗಳನ್ನು ಬೇಯಿಸುತ್ತಿದೆ. ಅಂಗಳದಲ್ಲಿ ನಿಂತು ಬಿಸಿಲು ಬರಲಿ ಅನ್ನುತ್ತೇನೆ, ನಡುಮನೆಗೆ ಬಂದು ಹೋಗಲಿ ಅನ್ನುತ್ತೇನೆ.

ಮೀನಿನಂಗಡಿಯ ಕಿಮ್ ಬಂದು ನೋಡಿದ. ಇವು ಐದೂ ರಾಂಚು ಜಾತಿಯ ಚಿನ್ನದ ಮೀನುಗಳು. ತಲೆಯ ಮೇಲೆ ಗಂಟು ಗಂಟು, ಬೆನ್ನ ಮೇಲೆ ರೆಕ್ಕೆಯಿಲ್ಲ, ಈಜುವಾಗ ಹೊಟ್ಟೆ ತುಂಬಿದ ಬಾತಿನ ಹಾಗೆ ತೊನೆಯುತ್ತವೆ. ಅವುಗಳಲ್ಲಿ ದೊಡ್ಡದಕ್ಕೆ ಇವರು ಅಜ್ಜ ಎಂದು ಹೆಸರಿಟ್ಟಿದ್ದಾರೆ, ಎಂಟು ವರ್ಷದ್ದು. ಮಿಕ್ಕ ನಾಲ್ಕಕ್ಕೆ ಏನು ಹೆಸರೋ ನನಗೆ ಗೊತ್ತಿಲ್ಲ.

“ಅಕ್ಕಾ, ಈ ಜಾತಿಗೆ ಸೆಕೆ ಆಗಲ್ಲ. ನೀರು ಬಿಸಿಯಾದ್ರೆ ಅದ್ರಲ್ಲಿ ಗಾಳಿ ಕಮ್ಮಿ ಆಗುತ್ತೆ, ಉಸಿರು ಕಟ್ಟುತ್ತೆ. ನಿಮ್ಮನೇಲಿ ಎಸಿ ರೂಮಿದೆಯಲ್ಲ, ತೊಟ್ಟೀನ ಅಲ್ಲಿಗೆ ಹಾಕ್ಬಿಡಿ.”

“ಅಲ್ಲಿ ಇವರ ಮಂಚ ಇದೆ.”

“ಅದನ್ನ ಈಚೆ ಹಾಕಿ.”

“ಮೂವತ್ತನೇ ತಾರೀಖು ಬರ್ತಾರೆ. ಬಂದೋರು ಎಲ್ಲಿ ಮಲಗ್ಬೇಕು, ನಿನ್ನ ತಲೆ ಮೇಲಾ?”

ಆಪರೇಶನ್ ಆದ ಮೇಲೆ ಇವರಿಗೆಂದು ಆ ರೂಮಿನಲ್ಲಿ ಬೇರೆ ಮಂಚ, ಎಸಿ ಎಲ್ಲ ಹಾಕಿಸಿದ್ದೆವು. ಇವರು ಹೋದಂದಿನಿಂದ ಅದರ ಬಾಗಿಲು ತೆಗೆದಿಲ್ಲ. ನಾನು ನಡುಮನೆಯಲ್ಲೇ ಚಾಪೆ ಹಾಕಿಕೊಳ್ಳುತ್ತೇನೆ.

ಏಪ್ರಿಲ್ 7, ಸೋಮವಾರ

ಮೂವತ್ತೊಂದು. ಐಸ್ ಬಾಟಲಿ ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು. ಫ್ರಿಜ್ಜಿನಲ್ಲಿ ಮಾಂಸಕ್ಕೆ ಜಾಗವಿಲ್ಲ. “ಮಗ ಭಿಕ್ಷು ಆದ, ನಮಗೆ ಉಪವಾಸ ಬಂತು,” ಎಂದು ಅತ್ತೆ ಗೊಣಗಿದರು. ಎಂಬತ್ತೊಂದಾದರೂ ಹಂದಿಮಾಂಸದ ಮೇಲಿನ ಆಸೆ ಹೋಗಿಲ್ಲ. ಮಗ ಕಾವಿ ಉಟ್ಟರೆ ಅದರ ಸೆರಗು ಹಿಡಿದು ತಾಯಿ ಸ್ವರ್ಗಕ್ಕೆ ಹೋಗುತ್ತಾಳೆ ಎನ್ನುತ್ತಾರಲ್ಲ, ಅದನ್ನು ಬೀದಿಯವರಿಗೆಲ್ಲ ಹೇಳಿ ಬಂದಿದ್ದಾರೆ.

ಏಪ್ರಿಲ್ 9, ಬುಧವಾರ

ನಿನ್ನೆ ಸಂಜೆ ನಾಲ್ಕಕ್ಕೆ ಮೂವತ್ತೆರಡೂವರೆ. ಚೀಟಿಯಲ್ಲಿ ಮುಂದೆ ಏನೂ ಇಲ್ಲ. ಹಿಂದೆ ಏನಾದರೂ ಬರೆದಿದ್ದಾರೋ ಎಂದು ಕಿತ್ತು ನೋಡಿದೆ, ಅಲ್ಲೂ ಇಲ್ಲ.

ಇವತ್ತು ಬೆಳಿಗ್ಗೆ ಬೆಳ್ಳಿ ಬಟ್ಟಲಿಗೆ ಬಿಸಿ ಅಂಟಕ್ಕಿ ಅನ್ನ ತುಂಬಿಕೊಂಡು ಗೇಟಿನ ಹತ್ತಿರ ಮಂಡಿಯೂರಿ ಕೂತೆ. ಇವರಿಗೆ ಇಷ್ಟ ಎಂದು ಹಸಿಮೆಣಸಿನ ಚಟ್ನಿ, ಹುರಿದ ಹಂದಿಚರ್ಮ ಬೇರೆ. ನಾಲ್ಕು ಭಿಕ್ಷುಗಳ ಸಾಲು, ಹೊಸಬರಾದ್ದರಿಂದ ಇವರು ಕೊನೆಗೆ. ಕಣ್ಣು ನೆಲದ ಮೇಲೆ. ಪಾತ್ರೆಗೆ ಅನ್ನ ಹಾಕುತ್ತಾ ಮೆಲ್ಲಗೆ ಕೇಳಿದೆ.

“ಮೂವತ್ತೆರಡು ದಾಟ್ತು. ಏನು ಮಾಡ್ಲಿ?”

ಇವರು ಮುಚ್ಚಳ ಮುಚ್ಚಿದರು. ನಾಲ್ವರೂ ಸೇರಿ ಆಶೀರ್ವಾದದ ಮಂತ್ರ ಹೇಳಿದರು. ಆಯುಷ್ಯ, ವರ್ಣ, ಸುಖ, ಬಲ ಎಲ್ಲ ನನಗೆ ಸಿಗಲಿ ಎಂದಾಯಿತು. ಸಾಲು ಹೊರಟಿತು.

ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹಿಂದೆ ಓಡಿದೆ. “ರೀ, ಐಸ್ ನೇರ ನೀರಿಗೆ ಹಾಕ್ಬಹುದಾ?”

ತಿರುಗಲಿಲ್ಲ. ಎದುರು ಮನೆಯವಳು ಬಾಯಿ ಮುಚ್ಚಿಕೊಂಡು ನಕ್ಕಳು. ಭಿಕ್ಷುವನ್ನು ‘ರೀ’ ಎಂದು ಕರೆದವಳು ಈ ಬೀದಿಯಲ್ಲಿ ನಾನೊಬ್ಬಳೇ ಇರಬೇಕು.

ಕಿಮ್‌ಗೆ ಫೋನ್ ಮಾಡಿದೆ. ನೇರ ಹಾಕಬಾರದಂತೆ. ಒಮ್ಮೆಲೇ ತಣ್ಣಗಾದರೆ ಅದೇ ಕೊಲ್ಲುತ್ತದಂತೆ.

ಏಪ್ರಿಲ್ 10, ಗುರುವಾರ

ಮೂವತ್ತೆರಡು. ಅಜ್ಜ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದೆ. ನನಗೂ ಉಸಿರು ಸಿಗುತ್ತಿಲ್ಲ.

ಏಪ್ರಿಲ್ 13, ಭಾನುವಾರ

ಇವತ್ತಿನದು ಬರೆಯುವುದೇ ಕಷ್ಟ. ಆದರೂ ಬರೆಯಲೇಬೇಕು, ಇಲ್ಲದಿದ್ದರೆ ಯಾರ ಹತ್ತಿರ ಹೇಳಿಕೊಳ್ಳಲಿ?

ಹೊಸ ವರ್ಷದ ಸೊಂಗ್‌ಕ್ರಾನ್ ಹಬ್ಬದ ಮೊದಲ ದಿನ. ಬೀದಿಯಲ್ಲಿ ಮಕ್ಕಳು ಬಕೆಟ್ ಹಿಡಿದು ಹೋದವರ ಬಂದವರ ಮೇಲೆ ನೀರು ಎರಚುತ್ತಿದ್ದರು. ಅತ್ತೆ ಮಲ್ಲಿಗೆ ಎಸಳು, ಗಂಧದ ಪುಡಿ, ಅಂಗಡಿಯ ಅತ್ತರಿನ ನೀರು ಎಲ್ಲ ಕಲಸಿ ದೊಡ್ಡ ಪಾತ್ರೆ ತುಂಬಿಟ್ಟುಕೊಂಡು, ಪೂಜೆ ಕಪಾಟಿನ ಬುದ್ಧನ ವಿಗ್ರಹಕ್ಕೆ ಸ್ನಾನ ಮಾಡಿಸಿದರು. ನಾನು ಅವರ ಅಂಗೈಗೆ ಎರೆದು ಆಶೀರ್ವಾದ ತೆಗೆದುಕೊಂಡೆ. ಆಮೇಲೆ ಬಿಲ್ಲೆ ತಿರುವಿ ಹಾಕಲು ಅಂಗಳಕ್ಕೆ ಹೋದೆ. ಹದಿನೈದು ನಿಮಿಷವೂ ಆಗಿರಲಿಲ್ಲ.

ಬಂದು ನೋಡಿದರೆ ತೊಟ್ಟಿಯ ತುಂಬ ಮಲ್ಲಿಗೆ. ನೀರು ಹಾಲಾಗಿತ್ತು, ಮೇಲೆ ನೊರೆ. ಅತ್ತೆ ಖಾಲಿ ಪಾತ್ರೆ ಹಿಡಿದು ಕೈ ಮುಗಿದು ನಿಂತಿದ್ದರು.

“ಅತ್ತೆ, ಏನು ಮಾಡಿದ್ರಿ!”

“ಹಬ್ಬ ಅಲ್ವಾ ಮಗಳೇ. ನನ್ನ ಮಗನ ಮೀನು ಸೆಕೇಲಿ ಒದ್ದಾಡ್ತಿತ್ತು. ಐಸು ಹಾಕಿ ತಣ್ಣಗೆ ಮಾಡಿ ಸ್ನಾನ ಮಾಡಿಸ್ದೆ. ಪುಣ್ಯದ ನೀರು.”

“ಅದು ಅತ್ತರು! ವಿಷ! ನಿಮಗೆ ತಲೆ ಕೆಟ್ಟಿದೆಯಾ?”

ಇಷ್ಟು ವರ್ಷದಲ್ಲಿ ಅತ್ತೆಯ ಮುಂದೆ ದನಿ ಎತ್ತಿದ್ದು ಇವತ್ತೇ ಮೊದಲು. ಅದೂ ಅವರ ಕೈಗೆ ನೀರೆರೆದು ಆಶೀರ್ವಾದ ಪಡೆದ ದಿನವೇ.

ಅಕ್ಕಿ ನೆನೆಸಲು ಡ್ರಮ್ಮಿನಲ್ಲಿ ಎರಡು ದಿನದಿಂದ ಹಿಡಿದಿಟ್ಟಿದ್ದ ನೀರಿತ್ತು. ದೊಡ್ಡ ಟಬ್ಬಿಗೆ ಸುರಿದು, ಐದನ್ನೂ ಕೈಯಲ್ಲೇ ಎತ್ತಿ ಹಾಕಿದೆ. ಮುಟ್ಟಿದ್ದೇ ಮೊದಲ ಸಲ. ಇಷ್ಟು ಮೆತ್ತಗಿರುತ್ತವೆ ಎಂದು ಗೊತ್ತಿರಲಿಲ್ಲ. ಗಾಳಿಯ ಪಂಪು ಕಿತ್ತು ಟಬ್ಬಿಗೆ ಬಿಟ್ಟೆ. ಸಂಜೆಗೆ ಎರಡು ಮಗುಚಿಕೊಂಡವು. ಅಜ್ಜ ಇನ್ನೂ ಇದೆ, ಇನ್ನೆರಡೂ ಇವೆ. ಆದರೆ ಎಷ್ಟು ಹೊತ್ತು?

ಏಪ್ರಿಲ್ 14, ಸೋಮವಾರ

ಎರಡನ್ನೂ ಲಾಂಗನ್ ಹಣ್ಣಿನ ಮರದ ಬುಡದಲ್ಲಿ ಹೂತೆ. ಇಡೀ ಬೀದಿ ನೆನೆದು ಕುಣಿಯುತ್ತಿದ್ದರೆ ನಾನು ಗುದ್ದಲಿ ಹಿಡಿದಿದ್ದೆ. ಅತ್ತೆ ಊಟಕ್ಕೆ ಏಳಲಿಲ್ಲ. ಕರೆಯಬೇಕಿತ್ತು, ಕರೆಯಲಿಲ್ಲ. ಅವರ ತಟ್ಟೆ ಮುಚ್ಚಿಟ್ಟು ಬಂದೆ.

ಏಪ್ರಿಲ್ 16, ಬುಧವಾರ

ಹೇಳಿಬಿಟ್ಟೆ. ಅನ್ನ ಹಾಕುತ್ತಾ, “ಎರಡು ಹೋದವು” ಎಂದೆ. ಅತ್ತೆಯ ಹೆಸರು ಎತ್ತಲಿಲ್ಲ.

ಇವರ ಕೈ ಒಂದು ಗಳಿಗೆ ಮುಚ್ಚಳದ ಮೇಲೆ ನಿಂತಿತು. “ಎಲ್ಲ ಅನಿತ್ಯ, ಉಪಾಸಿಕೆ,” ಎಂದರು.

ಉಪಾಸಿಕೆ! ಊರಿನ ಭಕ್ತೆಯರನ್ನೆಲ್ಲ ಭಿಕ್ಷುಗಳು ಹಾಗೇ ಕರೆಯುವುದು, ಗೊತ್ತು. ಇವರು ನನ್ನನ್ನು ಹಾಗೆ ಕರೆಯಲೇಬೇಕು, ಅದೂ ಗೊತ್ತು. ಆದರೂ ಮೈಯೆಲ್ಲ ಉರಿದುಹೋಯಿತು. ಅನಿತ್ಯವಂತೆ. ಮೂರು ದಿನದಿಂದ ಟಬ್ಬಿನ ಮುಂದೆ ಕೂತು ನೀರು ಬದಲಿಸುತ್ತಿರುವವಳು ನಾನು. ತಣ್ಣಗೆ ವಿಹಾರದ ಮರದಡಿ ಕೂತವರಿಗೆ ಅನಿತ್ಯ ಎನ್ನುವುದು ಸುಲಭ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು ‘ಸಾಯಲು ಬಿಡಬೇಡ ಲಮೈ’ ಎಂದು ಅತ್ತಾಗ ಎಲ್ಲಿತ್ತು ಈ ಅನಿತ್ಯ?

ಇನ್ನು ಹದಿನಾಲ್ಕು ದಿನ. ಆ ಮೇಲೆ ಬರಲಿ, ಎಲ್ಲ ಸೇರಿಸಿ ಕೇಳುತ್ತೇನೆ.

ಏಪ್ರಿಲ್ 20, ಭಾನುವಾರ

ಮೂರನ್ನೂ ತೊಟ್ಟಿಗೆ ವಾಪಸು ಬಿಟ್ಟು ಎರಡು ದಿನವಾಯಿತು. ಚೀಟಿಯಲ್ಲಿಲ್ಲದ ಒಂದು ಉಪಾಯ ಹೊಳೆಯಿತು. ಬಿದಿರಿನ ತಟ್ಟೆಗಳ ಮೇಲೆ ಗೋಣಿಚೀಲ ಹೊದಿಸಿ, ನೀರಲ್ಲಿ ನೆನೆಸಿ, ಪಶ್ಚಿಮದ ಗೋಡೆಗೆ ಹೊರಗಿನಿಂದ ಸಾಲಾಗಿ ಆನಿಸಿದೆ. ಗಂಟೆಗೊಮ್ಮೆ ನೀರು ಚಿಮುಕಿಸುತ್ತೇನೆ. ಮಧ್ಯಾಹ್ನ ಮೂರಕ್ಕೆ ಮೂವತ್ತೂವರೆ! ಎರಡು ಡಿಗ್ರಿ ಇಳಿದಿದೆ. ಖುಷಿಗೆ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಬಿಲ್ಲೆ ಒಣಗಿಸಲು ಈಗ ನಾಲ್ಕೇ ತಟ್ಟೆ ಉಳಿದಿವೆ. ರೈಲು ನಿಲ್ದಾಣದ ಅಂಗಡಿಯವನಿಗೆ ಈ ತಿಂಗಳು ಆಗುವುದಿಲ್ಲ ಎಂದೆ. “ಇಂಥ ಬಿಸಿಲಲ್ಲಿ ಆಗಲ್ಲ ಅಂದ್ರೆ ಇನ್ಯಾವಾಗ ಆಗುತ್ತೆ?” ಎಂದು ಕೇಳಿದ. ಮೀನಿಗೋಸ್ಕರ ಎಂದರೆ ನಗುತ್ತಾನೆ, ಅದಕ್ಕೇ ಸೊಂಟ ನೋವು ಎಂದೆ.

ಕೆಂಪಗಿರುವುದು ಬೆಲ್ಲ. ಕಪ್ಪು ಚುಕ್ಕೆಯದು ಎಳ್ಳು. ಕರೆಯಲು ಏನಾದರೂ ಬೇಕಲ್ಲ. ಎಳ್ಳು ತಿನ್ನುವಾಗ ಬೆಲ್ಲಕ್ಕೆ ಬಿಡುವುದಿಲ್ಲ, ಮಹಾ ಜಗಳಗಂಟಿ.

ಏಪ್ರಿಲ್ 24, ಗುರುವಾರ

ಎರಡೂ ತೋಳು ಸೋತಿವೆ. ಅಕ್ಷರ ಸೊಟ್ಟ ಬೀಳುತ್ತಿದೆ.

ಮಧ್ಯಾಹ್ನ ಎರಡೂವರೆಗೆ ಆಕಾಶ ಕಪ್ಪಾಯಿತು. ಬೇಸಿಗೆಯ ಬಿರುಗಾಳಿ, ಆಲಿಕಲ್ಲು. ತಟ್ಟೆಗಳು ಹಾರಿ ಎದುರು ಮನೆಯ ಮಾಡಿನ ಮೇಲೆ ಬಿದ್ದವು. ಹಾರಲಿ, ಅದರ ಚಿಂತೆ ಇರಲಿಲ್ಲ. ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ಗಾಳಿಯ ಪಂಪು ನಿಂತಿತು. ಗುಳುಗುಳು ಶಬ್ದ ನಿಂತ ಕೂಡಲೇ ಓಡಿ ಹೋಗಿ ಫೋನು ತಂದೆ.

ಕಿಮ್‌ಗೆ ಫೋನ್ ಮಾಡಿದರೆ, “ಕಂಬ ಬಿದ್ದಿದೆ ಅಕ್ಕಾ, ಬೇಗ ಬರಲ್ಲ. ನೀರನ್ನ ಮೊಗೆದು ಮೇಲಿಂದ ಸುರೀರಿ. ಬಿಡದೆ ಸುರೀತಾ ಇರಿ, ಗಾಳಿ ಸೇರುತ್ತೆ,” ಎಂದ.

ಕೈಗೆ ಸಿಕ್ಕಿದ್ದು ಭಿಕ್ಷೆಯ ಬೆಳ್ಳಿ ಬಟ್ಟಲು. ಮೊಗೆದೆ, ಸುರಿದೆ. ಮೊಗೆದೆ, ಸುರಿದೆ. ಅರ್ಧ ಗಂಟೆಗೆ ಭುಜ ಬಿಗಿಯಿತು. ನಿಲ್ಲಿಸಿದರೆ ಮೂರೂ ಮೇಲೆ ಬಂದು ಬಾಯಿ ಬಿಡುತ್ತವೆ. ಅಜ್ಜ ಒಂದು ಕಡೆ ವಾಲತೊಡಗಿತು. ಅಳು ಬಂತು. ಜೋರಾಗಿಯೇ ಅತ್ತುಬಿಟ್ಟೆ, ಗಾಳಿಯ ಸದ್ದಿನಲ್ಲಿ ಯಾರಿಗೆ ಕೇಳಿಸಬೇಕು ಎಂದು.

ಅತ್ತೆಗೆ ಕೇಳಿಸಿತ್ತು. ಹಬ್ಬದ ದಿನದಿಂದ ತೊಟ್ಟಿಯ ಹತ್ತಿರ ಸುಳಿಯದವರು ಗೋಡೆ ಹಿಡಿದುಕೊಂಡು ಬಂದರು.

“ಕೊಡು ಇಲ್ಲಿ.”

“ನಿಮ್ಮ ಕೈಲಿ ಆಗಲ್ಲ ಅತ್ತೆ.”

“ಎಂಬತ್ತು ವರ್ಷ ಬುದ್ಧನಿಗೆ ನೀರೆರೆದ ಕೈ ಇದು. ಈ ಸಲ ಏನೂ ಕಲಸಿಲ್ಲ, ನೋಡ್ಕೋ ಬೇಕಾದ್ರೆ.”

ಸ್ಟೂಲ್ ಹಾಕಿ ಕೂರಿಸಿದೆ. ಬಟ್ಟಲಿಗೊಂದು ಮಂತ್ರ ಹೇಳುತ್ತಾ ಸುರಿದರು. ಅವರು ನೂರು, ನಾನು ಮುನ್ನೂರು, ಮತ್ತೆ ಅವರು ನೂರು. ನಡುವೆ ಒಮ್ಮೆ, “ನಾನೇ ಕೊಂದೆ ಅಂತ ಅವನಿಗೆ ಹೇಳಿದ್ಯಾ?” ಎಂದು ಕೇಳಿದರು. ಇಲ್ಲ ಎಂದೆ. ಬೈದದ್ದಕ್ಕೆ ಕ್ಷಮಿಸಿ ಎಂದೂ ಹೇಳಿದೆ. “ಮೊದಲು ಮೊಗಿ,” ಎಂದರು.

ಆರೂಕಾಲಿಗೆ ಕರೆಂಟ್ ಬಂತು. ಮೂರೂ ಬದುಕಿವೆ. ಇಬ್ಬರೂ ತೊಟ್ಟಿಯ ಮುಂದೆ ನೆಲದ ಮೇಲೆ ಕೂತು ಒಂದೇ ತಟ್ಟೆಯಲ್ಲಿ ಅನ್ನ ತಿಂದೆವು.

ಏಪ್ರಿಲ್ 28, ಸೋಮವಾರ

ವಿಹಾರದಿಂದ ಕರೆ ಬಂತು. ಅತ್ತೆಯನ್ನು ಕರೆದುಕೊಂಡು ಹೋದೆ. ಮೂವತ್ತನೇ ತಾರೀಖಿಗೆ ಕಾವಿ ತೆಗೆಯುವ ಮುಹೂರ್ತ ಹೇಳುತ್ತಾರೆ ಎಂದುಕೊಂಡು ಇವರ ನೀಲಿ ಅಂಗಿ ಇಸ್ತ್ರಿ ಮಾಡಿ ಚೀಲದಲ್ಲಿ ಇಟ್ಟುಕೊಂಡಿದ್ದೆ.

ಗುರುಗಳು ಇವರ ಕಡೆ ಕೈ ತೋರಿಸಿ ಹೇಳಿದರು, “ಪ್ರಯೂನ್ ಅವರ ಮನಸ್ಸು ಇಲ್ಲೇ ನಿಂತಿದೆಯಮ್ಮ. ಮಳೆಗಾಲದ ವರ್ಷಾವಾಸ ಮುಗಿಯೋವರೆಗೆ, ಅಕ್ಟೋಬರ್‌ವರೆಗೆ ಇರ್ತೀನಿ ಅಂತಾರೆ. ಆಮೇಲಿಂದು ಆಮೇಲೆ. ನೀವು ಒಪ್ಪಿದ್ರೆ ಮಾತ್ರ.”

ಇವರು ಗುರುಗಳ ಪಕ್ಕದಲ್ಲಿ ಕೂತಿದ್ದರು. ತೆಳ್ಳಗಾಗಿದ್ದಾರೆ. ಮುಖ ಮಾತ್ರ ಆಪರೇಶನ್ನಿಗೆ ಎಷ್ಟೋ ವರ್ಷ ಮುಂಚೆ ಇದ್ದ ಹಾಗಿದೆ. ಸಾವಿನ ಆ ಹೆದರಿಕೆ ಕಣ್ಣಲ್ಲಿ ಇರಲಿಲ್ಲ. ಅದನ್ನು ನೋಡಿ ಸಂತೋಷವಾಗಬೇಕಿತ್ತು. ಚೀಲದಲ್ಲಿದ್ದ ಅಂಗಿಯನ್ನು ಇನ್ನೂ ಒಳಕ್ಕೆ ತಳ್ಳಿದೆ.

ನನ್ನ ಬಾಯಲ್ಲಿ ಬಂದದ್ದು ಒಂದೇ. “ಮೀನು?”

“ಇಲ್ಲಿನ ಕೆರೆಗೆ ಬಿಟ್ಟುಬಿಡಿ ಉಪಾಸಿಕೆ,” ಎಂದರು ಇವರು, ತುಂಬ ಮೃದುವಾಗಿ. “ಬಿಟ್ಟರೆ ಪುಣ್ಯ. ನಿಮಗೂ ಹೊರೆ ಇಳಿಯುತ್ತೆ.”

“ಆ ಕೆರೇಲಿ ತೋಳುದ್ದದ ಮೀಸೆಮೀನುಗಳಿವೆ. ಇವಕ್ಕೆ ನೆಟ್ಟಗೆ ಈಜೋಕೂ ಬರಲ್ಲ. ಅರ್ಧ ಗಂಟೆ ಉಳಿಯಲ್ಲ. ಅದು ಪುಣ್ಯಾನಾ?”

ದನಿ ಜೋರಾಯಿತೇನೋ, ಅಂಗಳ ಗುಡಿಸುತ್ತಿದ್ದವರು ನಿಂತು ನೋಡಿದರು. ಎರಡು ದಿನ ಕೊಡಿ ಎಂದು ಕೇಳಿ ಎದ್ದು ಬಂದೆ. ನೀಲಿ ಅಂಗಿ ಚೀಲದಲ್ಲೇ ಇದೆ.

ಏಪ್ರಿಲ್ 29, ಮಂಗಳವಾರ

ಮೂವತ್ತೊಂದೂವರೆ. ತಟ್ಟೆಗಳು ಮುರಿದಿವೆ, ಗೋಡೆ ಮತ್ತೆ ಸುಡುತ್ತಿದೆ.

ಬೇಡ ಎಂದರೆ ಬಂದುಬಿಡುತ್ತಾರೆ. ಬಂದು ಆ ಮಂಚದ ಮೇಲೆ ಮಲಗಿ, ಮೊದಲಿನ ಹಾಗೆ ಕತ್ತಲಲ್ಲಿ ಎದೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾರೆ. ಸರಿ ಎಂದರೆ ಬರುವುದಿಲ್ಲ. ಅಕ್ಟೋಬರ್ ಎನ್ನುತ್ತಾರೆ, ಆ ಮುಖ ನೋಡಿದ ಮೇಲೆ ಅಕ್ಟೋಬರಿಗೂ ಬರುವುದಿಲ್ಲ ಎಂದು ನನಗೆ ಗೊತ್ತು.

ಅತ್ತೆಗೆ ಹಬ್ಬ ಎಂದುಕೊಂಡಿದ್ದೆ. ಸಂಜೆ ಪಕ್ಕದಲ್ಲಿ ಬಂದು ಕೂತರು.

“ನಿನಗೆ ಬೇಡ ಅನ್ಸಿದ್ರೆ ಬೇಡ ಅನ್ನು ಲಮೈ. ನಾನು ಹಿಡೀಬೇಕಾದ ಸೆರಗು ಹಿಡಿದಾಯ್ತು. ಸ್ವರ್ಗಕ್ಕೆ ತಿಂಗಳು ಸಾಕು, ಏಳು ತಿಂಗಳು ಬೇಕಾಗಿಲ್ಲ.”

ಅವರ ಮಡಿಲಲ್ಲಿ ತಲೆಯಿಟ್ಟು ಎಷ್ಟು ಹೊತ್ತು ಮಲಗಿದ್ದೆನೋ.

ಏಪ್ರಿಲ್ 30, ಬುಧವಾರ

ಬೆಳಿಗ್ಗೆ ವಿಹಾರಕ್ಕೆ ಹೋಗಿ, ಮೂರು ಸಲ ಬಾಗಿ ನಮಸ್ಕರಿಸಿ, ಒಪ್ಪಿಗೆ ಎಂದೆ. ನಗುತ್ತೇನೆ ಎಂದುಕೊಂಡಿದ್ದೆ, ಆಗಲಿಲ್ಲ. ಗುರುಗಳ ಪಕ್ಕ ಕೂತ ಅವರ ಕಣ್ಣೂ ಒದ್ದೆಯಾಗಿತ್ತು.

ವಾಪಸು ಬರುವಾಗ ಕಿಮ್‌ನನ್ನೂ ಅವನ ತಮ್ಮನನ್ನೂ ಕರೆದುಕೊಂಡು ಬಂದೆ. ರೂಮಿನ ಬಾಗಿಲು ತೆಗೆದೆ. ಮಂಚ ಬಿಚ್ಚಿ ಹಿತ್ತಲಿಗೆ ಹಾಕಿಸಿದೆ, ಬಿಲ್ಲೆ ಒಣಗಿಸಲು ಒಳ್ಳೆಯ ಹಲಗೆ. ತೊಟ್ಟಿಯ ಅರ್ಧ ನೀರು ತೆಗೆದು, ಮೂವರೂ ಸೇರಿ ಎತ್ತಿ ಮಂಚವಿದ್ದ ಜಾಗದಲ್ಲಿ ಇಟ್ಟೆವು. ಸರಿಯಾಗಿ ಹಿಡಿಸಿತು.

“ಮೊದಲೇ ಹೇಳಿದ್ನಲ್ಲ ಅಕ್ಕಾ,” ಎಂದ ಕಿಮ್.

“ಬಾಯಿ ಮುಚ್ಚಿಕೊಂಡು ಆ ಕಡೆ ಸರಿಸು,” ಎಂದೆ.

ಚೀಟಿಯ ಗೋಂದು ನೆನೆದು ದಾರಿಯಲ್ಲೇ ಎಲ್ಲೋ ಬಿದ್ದುಹೋಗಿದೆ. ಹುಡುಕಲಿಲ್ಲ. ಮಧ್ಯಾಹ್ನ ಎಸಿ ಹಾಕಿದೆ. ಅತ್ತೆಯೂ ಚಾಪೆ ಎತ್ತಿಕೊಂಡು ಇಲ್ಲಿಗೇ ಬಂದರು.

ಮೇ 3, ಶನಿವಾರ

ಇಪ್ಪತ್ತೇಳೂವರೆ. ಬೆಲ್ಲ ಇವತ್ತು ಮೊದಲ ಸಲ ಎಳ್ಳನ್ನು ತಳ್ಳಿ ತಾನೇ ತಿಂದಿತು. ಅತ್ತೆ ಹಂದಿಮಾಂಸ ಮಾಡಿಸಿಕೊಂಡರು. ಫ್ರಿಜ್ಜಿನಲ್ಲಿ ಈಗ ಜಾಗವಿದೆ.

ಬೆಳಿಗ್ಗೆ ಗೇಟಿನ ಹತ್ತಿರ ಭಿಕ್ಷೆಗೆ ಕೂತಿದ್ದೆ. ನಾಲ್ಕೂ ಪಾತ್ರೆಗಳಿಗೆ ಒಂದೊಂದು ಹಿಡಿ ಅನ್ನ, ಒಂದೊಂದು ಬಾಳೆಹಣ್ಣು. ಮಂತ್ರ ಮುಗಿಯಿತು. ಮೂವರು ಹೊರಟರು. ಪ್ರಯೂನ್ ಭಂತೆ, ಭಿಕ್ಷುವನ್ನು ಹಾಗೇ ಕರೆಯಬೇಕು, ಹೊರಡಲಿಲ್ಲ. ಕಣ್ಣು ನೆಲದ ಮೇಲೇ ಇತ್ತು.

“ನೀರು ಎಷ್ಟಿದೆ?” ಎಂದರು, ತುಟಿ ಅಲ್ಲಾಡದ ಹಾಗೆ.

“ಇಪ್ಪತ್ತೇಳೂವರೆ, ಭಂತೆ.”

“ಅಜ್ಜ?”

“ಚೆನ್ನಾಗಿದೆ.”

ಇನ್ನೂ ಏನೋ ಕೇಳುವವರ ಹಾಗೆ ನಿಂತಿದ್ದರು. ಮುಂದಿನವರು ಆಗಲೇ ಎದುರು ಮನೆ ಮುಟ್ಟಿದ್ದರು. ನನಗೂ ಒಳಗೆ ಕೆಲಸವಿತ್ತು, ಆರೂವರೆಯಾದರೆ ಎಳ್ಳು ಊಟಕ್ಕಾಗಿ ಗಾಜಿಗೆ ಮುಖ ಗುದ್ದಲು ಶುರುಮಾಡುತ್ತದೆ. ಕೈ ಮುಗಿದು, ಬಟ್ಟಲು ಎತ್ತಿಕೊಂಡು ಒಳಗೆ ಬಂದೆ.